ಸೀಟಿನ ಮೇಲೆ ಎರಡು ತಟ್ಟು

ಭಾವನ ಹಿಮ್ಮಡಿ ಏಳುತ್ತದೆ, ಬೀಳುತ್ತದೆ, ಮೀನಖಂಡದ ಮೇಲೆ ಬೆವರು ಗೆರೆ ಕೊರೆದುಕೊಂಡು ಕಾಲುಚೀಲಕ್ಕೆ ಇಳಿಯುತ್ತದೆ, ತಿರುವು ಬಂದಾಗ ಸೈಕಲ್ಲು ಓರೆಯಾಗುತ್ತದೆ, ಓರೆಯಾದಾಗ ಮುಂದಿನ ಚಕ್ರ ಕಾಣುತ್ತದೆ, ಚಕ್ರದ ನೆತ್ತಿಯ ಮೇಲೆ ಬ್ರೇಕು, ಬ್ರೇಕಿನ ಮಗ್ಗುಲಲ್ಲಿ ಆ ಕಡ್ಡಿ — ಕಿರುಬೆರಳಿನಷ್ಟೂ ಇಲ್ಲದ ಕಪ್ಪು ಕಡ್ಡಿ, ಮಲಗಿರಬೇಕಾದದ್ದು ನಿಂತಿದೆ. ನಿಲ್ಲಿಸಿದವನು ಹಿಂದಿನ ಸೈಕಲ್ಲಿನಲ್ಲಿ ಬರುತ್ತಿರುವ ತಾನೇ. ಕೆಳಗೆ ಆಲೂಗಡ್ಡೆ ಹೊಲದ ಬೇಲಿಯ ಹತ್ತಿರ ಭಾವನ ಟ್ಯೂಬಿಗೆ ಮುಳ್ಳು ಚುಚ್ಚಿತು, ಸೈಕಲ್ ರಿಪೇರಿಯವನು ಜೊತೆಯಲ್ಲೇ ಇರುವಾಗ ಬೇರೆಯವರು ಕೈ ಹಾಕುವುದುಂಟೆ, ಅವನೇ ಕುಕ್ಕರಗಾಲಲ್ಲಿ ಕೂತು ಕಡ್ಡಿ ಎತ್ತಿದ, ಬ್ರೇಕಿನ ಎರಡು ದವಡೆಯೂ ಬಾಯ್ಬಿಟ್ಟವು, ಚಕ್ರ ಕಳಚಿದ, ಟ್ಯೂಬು ಬದಲಿಸಿದ, ಗಾಳಿ ತುಂಬಿದ, ಚಕ್ರ ಕೂಡಿಸಿದ, ಆಮೇಲೆ ಕಡ್ಡಿಯನ್ನು ಒತ್ತಿ ಮಲಗಿಸಬೇಕಿತ್ತು, ಆಗ ತಾನೇ ದವಡೆ ಚಕ್ರವನ್ನು ಕಚ್ಚುವುದು — ಆದರೆ ಭಾವ ಬೇಲಿಗೆ ಒರಗಿಕೊಂಡು ಬೆರಳಿನ ನೆಟಿಗೆ ಒಂದೊಂದಾಗಿ ತೆಗೆಯುತ್ತಿದ್ದ, ಅದೇ ಬಲಗೈ, ಆ ಕೈಯನ್ನೇ ನೋಡುತ್ತ ಅವನು ಸೀಟಿನ ಮೇಲೆ ಎರಡು ಸಲ ತಟ್ಟಿಬಿಟ್ಟ. ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಹಾಗೆಯೇ, ಕೆಲಸ ಮುಗಿಯಿತು ಎಂದು ಬಾಯಲ್ಲಿ ಹೇಳುವುದಿಲ್ಲ, ಸೀಟಿನ ಮೇಲೆ ಎರಡು ತಟ್ಟು, ಅಷ್ಟೇ, ಊರಿಗೆ ಊರೇ ಆ ತಟ್ಟನ್ನು ನಂಬಿ ಮಕ್ಕಳನ್ನು ಹತ್ತಿಸಿ ಕಳಿಸುತ್ತದೆ. ಏನೋ ಪಂಚರು, ಆಯ್ತಾ, ಭಾವ ಅವನನ್ನು ಕರೆಯುವುದೇ ಹಾಗೆ. ತಟ್ಟಿದೆನಲ್ಲ ಭಾವ. ಭಾವ ಹತ್ತಿದ, ಹೊರಟ, ಹತ್ತು ಮಾರು ಹೋದ ಮೇಲೆ ಕಡ್ಡಿ ಕಣ್ಣಿಗೆ ಬಿತ್ತು. ಅಲ್ಲಿಯವರೆಗಿನದು ಮರೆವು, ದೇವರು ಬೇಕಾದರೆ ಕೇಳಲಿ, ಬರೀ ಮರೆವು. ಅಲ್ಲಿಂದೀಚಿನದಕ್ಕೆ ಏನೆನ್ನಬೇಕು.

ಐದು ಎನ್ನುತ್ತದೆ ರಸ್ತೆ ಬದಿಯ ಕಲ್ಲು, ನೆತ್ತಿಗೆ ಇನ್ನೂ ಐದು ಕಿಲೋಮೀಟರು, ಅಲ್ಲೊಂದು ಕಲ್ಲುಬೆಂಚಿದೆ, ಪ್ರತಿ ಭಾನುವಾರ ಭಾವ ಅಲ್ಲಿ ಇಳಿದು ನೀರು ಕುಡಿಯುತ್ತಾನೆ, ಅಲ್ಲಿ ಹೇಳಿದರಾಯಿತು, ಏರಿನಲ್ಲಿ ಬ್ರೇಕು ಯಾರಿಗೆ ಬೇಕು. ಬೇಕಾಗುವುದು ಆಚೆಯ ಇಳಿಜಾರಿಗೆ, ಒಂಬತ್ತು ತಿರುವು, ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಏನೂ ಇಲ್ಲ. ಹಿಂದಿನ ಬ್ರೇಕೊಂದೇ ಸಾಲದು, ಚಕ್ರ ಜಾರುತ್ತದೆ, ಜಾರಿ ಮನುಷ್ಯ ಮೊದಲು ಭುಜದ ಮೇಲೆ ಬೀಳುತ್ತಾನೆ, ಹೆಗಲೆಲುಬು ಒಣಕಡ್ಡಿಯ ಹಾಗೆ ಲಟಕ್ಕೆನ್ನುತ್ತದೆ, ಆಮೇಲೆ ದವಡೆ, ಆಮೇಲೆ ಡಾಂಬರು ಕೆನ್ನೆಯನ್ನು ತುರಿಯುತ್ತದೆ, ಹಲ್ಲು — ಛೆ, ಏನಿದು, ಎಷ್ಟು ಸಲ ಬೀಳಿಸುವುದು ಒಬ್ಬ ಮನುಷ್ಯನನ್ನು. ಅಮ್ಮ ಬೆಳಗಿನ ಹೊತ್ತು ಪದ್ಯ ಹೇಳುತ್ತಿದ್ದಳು, ಆರು ಸಾಲಿನ ಪದ್ಯ, ಮೂರನೆಯ ಸಾಲು ಉದ್ದ, ಆರನೆಯದೂ ಉದ್ದ, ಏರಿನಲ್ಲಿ ಅವನು ತುಳಿಯುವುದೂ ಅದೇ ಲೆಕ್ಕದಲ್ಲಿ, ಮೂರನೆಯ ಸಾಲಿಗೆ ಉಸಿರು ಬಿಡುವುದು. ಯುದ್ಧದ ಪದ್ಯಗಳನ್ನೂ ಅಮ್ಮ ಜೋಗುಳದ ದನಿಯಲ್ಲೇ ಹೇಳುತ್ತಿದ್ದಳು, ತಲೆ ಉರುಳುವುದು, ಕರುಳು ಕಾಲಿಗೆ ತೊಡರುವುದು, ಎಲ್ಲ ಇಂಪಾಗಿ, ಮುಗಿಸಿ ಕೈಮುಗಿದು ಹೇಳಿದವರಿಗೂ ಕೇಳಿದವರಿಗೂ ಒಳ್ಳೆಯದಾಗಲಿ ಅನ್ನುತ್ತಿದ್ದಳು. ಕೇಳಿದ್ದು ತಾನೊಬ್ಬನೇ. ಅಕ್ಕನೂ ಕೇಳಿದ್ದಳು, ಮರೆತೆ.

ನಾಲ್ಕು. ಈ ದಾರಿ ಹುಡುಕಿಕೊಟ್ಟವನೂ ತಾನೇ. ಎರಡು ವರ್ಷದ ಹಿಂದೆ ಅಕ್ಕ ಅಂಗಡಿಗೆ ಬಂದು, ಗಿರಾಕಿ ಹೋಗುವ ತನಕ ಚೈನುಗಳನ್ನು ನೋಡುತ್ತ ನಿಂತು, ನಿಮ್ಮ ಭಾವನಿಗೆ ಒಂದು ಸೈಕಲ್ ಹುಡುಕಿಕೊಡೋ, ಭಾನುವಾರ ಎಲ್ಲಿಗಾದರೂ ಕರ್ಕೊಂಡು ಹೋಗು, ಸುಸ್ತಾಗಿ ಬಂದ್ರೆ ಅವತ್ತು ಸುಮ್ನಿರ್ತಾರೆ, ಎಂದಳು. ಸುಮ್ನೆ ಅಂದ್ರೆ. ಸುಮ್ನೆ ಅಂದ್ರೆ ಸುಮ್ನೆ ಕಣೋ. ಅಂದಿನಿಂದ ಅವನು ದಾರಿಗಳನ್ನು ಅಳೆದ, ಕೆರೆ ಸುತ್ತಿ ಬರುವ ನಲವತ್ತು ಕಿಲೋಮೀಟರಿಗೆ ಒಂದು ಸಂಜೆ ನೆಮ್ಮದಿ, ದ್ರಾಕ್ಷಿ ತೋಟಗಳ ನಡುವಿನ ಅರವತ್ತಕ್ಕೆ ಊಟವಾದೊಡನೆ ನಿದ್ದೆ, ಈ ಬೆಟ್ಟ ಹತ್ತಿಸಿ ಆಚೆಯಿಂದ ಇಳಿಸಿ ತಂದರೆ ಸೋಮವಾರವೂ ದಾಟುತ್ತದೆ. ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಕುರಿ, ಬೇಲಿ, ಹುಲ್ಲಿನ ಮೆದೆ, ಮೋಡ ಮುಟ್ಟುವ ಬಂಡೆ, ಎಂಥಾ ಶಾಂತಿ ಅಲ್ವೇನೋ ಪಂಚರು ಎನ್ನುತ್ತಾನೆ ಭಾವ, ಶಾಲೆಯ ಡ್ರಿಲ್ ಮಾಸ್ತರು, ಊರಿನವರಿಗೆಲ್ಲ ಬೇಕಾದವನು, ನಗಿಸಿದರೆ ಹೊಟ್ಟೆ ಹಿಡಿದುಕೊಳ್ಳಬೇಕು. ಯಾವ ದಾರಿಯೂ ಗುರುವಾರಕ್ಕೆ ಮುಟ್ಟುವುದಿಲ್ಲ. ಗುರುವಾರ ಅಕ್ಕನ ಮೂರು ಉಗುರು ಕಪ್ಪಾಗಿದ್ದವು, ನೇರಳೆಯಲ್ಲ, ಕಪ್ಪು, ಬೆರಳ ತುದಿ ಒಡೆದು ಊದಿತ್ತು, ಗಾಳಿಗೆ ಬಾಗಿಲು ಬಡೀತು ಕಣೋ ಎಂದಳು, ಅವತ್ತು ಎಲೆ ಕೂಡ ಅಲುಗಿರಲಿಲ್ಲ, ಅಕ್ಕನ ಮಗಳು ತನ್ನ ಪುಟ್ಟ ಸೈಕಲ್ಲಿನ ಗಂಟೆಯನ್ನು ಕೈಯಲ್ಲಿ ಅದುಮಿ ಹಿಡಿದುಕೊಂಡು, ಗಾಳಿ ಅಲ್ಲ ಮಾಮ, ಅಪ್ಪ. ಎರಡು ಸಲ ಬಾಗಿಲು ಹಾಕಿದ್ರು, ಅಮ್ಮ ಕೂಗ್ಲಿಲ್ಲ ಅಂತ. ಸುಮ್ನಿರೇ, ಎಂದಳು ಅಕ್ಕ. ಅವನು ಆ ಪುಟ್ಟ ಸೈಕಲ್ಲಿಗೆ ಗಾಳಿ ಹೊಡೆದ, ಹೊಡೆಯುತ್ತಲೇ ಇದ್ದ, ಟ್ಯೂಬು ಒಡೆಯುವ ತನಕ.

ಎರಡು. ಮೂರರ ಕಲ್ಲು ಯಾವಾಗ ಹೋಯಿತು. ಹೇಳಬೇಕು, ಈಗಲೇ, ಭಾವ ಒಂದು ನಿಮಿಷ ಎಂದರೆ ಸಾಕು, ಒತ್ತಿದರೆ ಟಕ್ಕೆಂದು ಮಲಗುತ್ತದೆ. ಅಮ್ಮನ ಕೊನೆಯ ದಿನ ಅವಳನ್ನು ಮೂರನೆಯ ಮಹಡಿಯಿಂದ ಎತ್ತಿಕೊಂಡು ಇಳಿದವನು ಇದೇ ಭಾವ, ತಾನು ಬಾಗಿಲಲ್ಲಿ ಗರಬಡಿದವನ ಹಾಗೆ ನಿಂತಿದ್ದ, ಅಮ್ಮ, ಕತ್ತು ಹಿಡ್ಕೊಳ್ಳಿ, ಮಗು ಥರ ಹಿಡ್ಕೊಳ್ಳಿ, ಎನ್ನುತ್ತ ಒಂದೊಂದೇ ಮೆಟ್ಟಿಲು, ಅದೇ ಬಲಗೈ ಅಮ್ಮನ ಬೆನ್ನಿಗೆ. ಆ ಕೈಯನ್ನು ಏನು ಮಾಡುವುದು. ಬಾಗಿಲ ಸಂದಿಗೆ ಇಡುವುದು, ಮೊದಲು ತೋರುಬೆರಳು, ಹಾಕುವುದು, ತೆಗೆಯುವುದು, ಕೂಗ್ಲಿಲ್ಲ ಅಲ್ವಾ, ಇನ್ನೊಂದು ಸಲ — ತೊಡೆಯೊಳಗೆ ಬೆಂಕಿ, ಬಾಯಲ್ಲಿ ರಕ್ತದ ರುಚಿ, ತುಟಿ ಕಚ್ಚಿಕೊಂಡಿದ್ದಾನೆ, ದೇವರೇ, ಹಿತವಾಗಿದೆ, ಇದು ಹಿತವಾಗಿದೆಯಲ್ಲ. ಯಾಕೋ ಪಂಚರು, ಏದುಸಿರು ಬಿಡ್ತಾ ಇದೀಯ, ಹಿಂದಿನಿಂದ ಎಮ್ಮೆ ಬಂದ ಹಾಗಿದೆ. ಏನಿಲ್ಲ ಭಾವ. ಏನಿಲ್ಲ. ಬೆಂಚಿನ ಹತ್ತಿರ ಹೇಳಿದರಾಯಿತು, ಹೇಳಿಯೇ ಹೇಳುತ್ತೇನೆ, ಅಮ್ಮನ ಆಣೆ, ಒಂದು ಎನ್ನುತ್ತದೆ ಕಲ್ಲು, ತಿರುವು, ಸೈಕಲ್ಲು ಓರೆಯಾಗುತ್ತದೆ, ಕಡ್ಡಿ ನಿಂತಿದೆ.

ನೆತ್ತಿ, ಬೆಂಚು, ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಕೈಚೀಲ, ಭಾವ ಪೆಡಲ್ ನಿಲ್ಲಿಸಲಿಲ್ಲ. ಗಡಿಯಾರ ನೋಡಿದ, ಹೋದ ವಾರಕ್ಕಿಂತ ಎರಡು ನಿಮಿಷ ಮುಂದಿದೀವಿ, ಇವತ್ತು ನಿಲ್ಲೋದಿಲ್ಲ, ತಾಕತ್ತಿದ್ರೆ ಹಿಡಿ. ಅವನು ಬಾಯಿ ತೆರೆದ, ನಾಲಿಗೆ ಅಂಗುಳಿಗೆ ಅಂಟಿತ್ತು, ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಭಾವನ ಬೆನ್ನು ಅಂಚು ದಾಟಿ ಇಳಿದಾಗಿತ್ತು — ಭಾವ, ನಿಲ್ಲಿ, ಬ್ರೇಕು ಮುಚ್ಚಿಲ್ಲ, ನಾನು ಮುಚ್ಚಿಲ್ಲ — ಗಾಳಿ ಮಾತನ್ನು ತಿಂದು ದನಿಯನ್ನಷ್ಟೇ ಒಪ್ಪಿಸಿತು, ಪಂದ್ಯಕ್ಕೆ ಬಂದನೆಂದುಕೊಂಡು ಭಾವ ನಕ್ಕ, ಬಲಗೈ ಎತ್ತಿ ಬಾ ಬಾ ಎಂದು ಬೀಸಿದ. ಮೊದಲನೆಯ ತಿರುವು. ಆ ಕೈ ಬ್ರೇಕಿನ ಹಿಡಿಕೆಗೆ ಮರಳಿತು, ಹಿಂಡಿತು, ಹಿಡಿಕೆ ಹ್ಯಾಂಡಲ್ಲಿಗೆ ತಾಗುವವರೆಗೂ ಹಿಂಡಿತು, ಹಿಂದಿನ ಚಕ್ರ ಪೆಟ್ಟು ತಿಂದ ಹಾವಿನಂತೆ ಹೊರಳಿತು, ಮನಸ್ಸಿನಲ್ಲಿ ಎಷ್ಟು ಸಲ ಬೀಳಿಸಿದ್ದ, ಒಂದು ಸಲವೂ ಹೀಗೆ ಬಿದ್ದಿರಲಿಲ್ಲ, ಸದ್ದೇ ಬೇರೆ, ಹಸಿ ಮರ ಸೀಳಿದ ಸದ್ದು. ಅವನ ಬ್ರೇಕು ಕಚ್ಚಿತು, ಅವನ ಬ್ರೇಕು ಯಾವಾಗಲೂ ಕಚ್ಚುತ್ತದೆ. ಗೋಡೆಯ ಬುಡದಲ್ಲಿ ಭಾವ, ಹೆಗಲೆಲುಬು ಅಂಗಿ ಹರಿದು ಹೊರಗೆ, ಕೆನ್ನೆಯ ಜಾಗದಲ್ಲಿ ಹಲ್ಲು, ಬಲಗೈ ಚಕ್ರದ ಸ್ಪೋಕುಗಳೊಳಗೆ ಹೊಕ್ಕು ತಿರುಚಿಕೊಂಡಿದೆ, ಬೆರಳೆಷ್ಟೆಂದು ನೋಡಲು ಧೈರ್ಯವಾಗಲಿಲ್ಲ. ಕಣ್ಣು ಬಿಟ್ಟಿದ್ದ. ರಕ್ತದ ಗುಳ್ಳೆಯೊಂದು ತುಟಿಯ ಮೇಲೆ ಊದಿ ಒಡೆಯಿತು. ನೀನು ತಟ್ಟಿದೆಯಲ್ಲೋ. ಹೌದು ಭಾವ. ಬೆವರೊರೆಸುವ ಬಟ್ಟೆ ಹುಡುಕಬೇಕು, ಫೋನು ತೆಗೆಯಬೇಕು, ಅಕ್ಕನಿಗೆ ಹೇಳಬೇಕು, ಅಕ್ಕನಿಗೆ ಏನೆಂದು ಹೇಳಬೇಕು, ಯಾರಾದರೂ ಬರುವಷ್ಟರಲ್ಲಿ ಈ ಕಡ್ಡಿಯೊಂದನ್ನು ಒತ್ತಿ ಮಲಗಿಸಿಬಿಟ್ಟರೆ, ಯಾರಿಗೂ ತಿಳಿಯುವುದಿಲ್ಲ, ಆದರೆ ಭಾವ ನೋಡುತ್ತಿದ್ದಾನೆ, ಮುಖವನ್ನಲ್ಲ, ಅವನ ಹೆಬ್ಬೆರಳನ್ನು ನೋಡುತ್ತಿದ್ದಾನೆ, ಹೆಬ್ಬೆರಳು ಅದಾಗಲೇ ಅಲ್ಲಿಗೆ ಹೋಗಿದೆ, ಯಾವಾಗ ಹೋಯಿತು, ಅದರಡಿಯಲ್ಲಿ ಕಿರುಬೆರಳಿನಷ್ಟೂ ಇಲ್ಲದ ಕಪ್ಪು ಕಡ್ಡಿ, ನಿಂತಿದೆ, ಒತ್ತಿದರೆ ಟಕ್ಕೆನ್ನುತ್ತದೆ, ಭಾವನಿಗೆ ಕೇಳಿಸುತ್ತದೆ, ಕಡ್ಡಿ ನಿಂತಿದೆ, ಕಡ್ಡಿ