ರೆಕ್ಕೆ ನಿಲ್ಲುವ ಜಾಗ

“ಇದನ್ನ ದಿನಾ ಅರ್ಧಕ್ಕೇ ನಿಲ್ಲಿಸಿ ಹೋಗೋರು ಯಾರಪ್ಪಾ?” ಖಾಲಿ ಚೌಕದಲ್ಲಿ ಅವಳು ಗಟ್ಟಿಯಾಗಿಯೇ ಕೇಳಿದಳು.

ಕಂಬದ ಚಕ್ರ ತಿರುಗಿಸಿದರೆ ಬಿಚ್ಚಿ ಮಡಿಸಬಹುದಾದ ಆರು ತಗಡಿನ ರೆಕ್ಕೆಗಳ, ಚೌಕದ ನಡುವಿನ ಆ ಚಪ್ಪರ ಅವಳದೇ ವಿನ್ಯಾಸ. ಬಿಸಿಲಿಗೆ ಪೂರ್ತಿ ಬಿಚ್ಚುವುದು, ಸಂತೆಗೆ ಪೂರ್ತಿ ಮಡಿಸುವುದು; ನಕ್ಷೆಯಲ್ಲಿ ಇದ್ದದ್ದು ಇವೆರಡೇ. ಯಾರೋ ಕೈಯಾಡಿಸುತ್ತಿದ್ದಾರೆ, ಚಕ್ರಕ್ಕೆ ಬೀಗ ಜಡಿಯಿರಿ, ಇಲ್ಲದಿದ್ದರೆ ಮುಂದಿನ ಚೌಕದ ಕೆಲಸ ನಿಮಗಿಲ್ಲ ಎಂದು ಪುರಸಭೆಯ ಎಂಜಿನಿಯರ್ ಹೇಳಿಬಿಟ್ಟಿದ್ದರು. ಬೀಗ ಅವಳ ಚೀಲದಲ್ಲೇ ಇತ್ತು.

ಯಾರೆಂದು ನೋಡಲು ಅವಳು ಕಾದು ಕೂತಳು. ಸಂಜೆ, ಚೌಕದ ಮೂಲೆಯಲ್ಲಿ ಬಟ್ಟೆ ಹೊಲಿಯುವ ದರ್ಜಿ ಅಜ್ಜಿ ಬಂದರು. ಚಕ್ರ ತಿರುಗಿಸುತ್ತ, ನಾಲಿಗೆ ಲೊಚಗುಟ್ಟಿಸಿ, ಆ ಸದ್ದು ಎತ್ತ ಹೋಗುತ್ತದೆಂದು ಕಿವಿಗೊಟ್ಟು, ರೆಕ್ಕೆಗಳನ್ನು ಅರ್ಧಕ್ಕೆ ಓರೆಯಾಗಿ ನಿಲ್ಲಿಸಿದರು. ಆಮೇಲೆ ಕೂತು ಪದ್ಯ ಹೇಳತೊಡಗಿದರು. ಕೊನೆಯ ಬೆಂಚಿನಲ್ಲಿದ್ದ ಮುದುಕರೊಬ್ಬರು ತಲೆದೂಗಿದರು.

“ಅಜ್ಜಿ, ಅರ್ಧಕ್ಕೇ ಯಾಕೆ?”

“ಪೂರ್ತಿ ಬಿಚ್ಚಿದ್ರೆ ದನಿ ನನ್ನ ತಲೆ ಮೇಲೇ ಬೀಳತ್ತೆ. ಮಡಿಸಿದ್ರೆ ಆಕಾಶಕ್ಕೆ ಹೋಗತ್ತೆ. ಹೀಗಿಟ್ರೆ ನೆಟ್ಟಗೆ ನಮ್ಮ ಯಜಮಾನ್ರ ಹತ್ರ ಜಾರತ್ತೆ. ಅವರಿಗೆ ಕಿವಿ ಮಂದ, ನನ್ನ ಪಕ್ಕ ಕೂರೋಕೆ ನಾಚಿಕೆ ಬೇರೆ!” ಅಜ್ಜಿ ನಕ್ಕರು. “ಮಾಡಿದೋಳು ನೀನು, ನಿಂಗೆ ಗೊತ್ತಿಲ್ವೇನೇ?”

ಅವಳಿಗೆ ಗೊತ್ತಿರಲಿಲ್ಲ. ಕೊನೆಯ ಬೆಂಚಿಗೆ ಹೋಗಿ ಕಣ್ಣುಮುಚ್ಚಿ ಕೂತಳು. ಅಜ್ಜಿ ಮತ್ತೆ ಹೇಳತೊಡಗಿದರು. ಪದ್ಯದ ಒಂದೊಂದು ಅಕ್ಷರವೂ ಕಿವಿಯ ಬುಡದಲ್ಲೇ ಹೇಳಿದಂತೆ ಕೇಳಿತು. ಎದ್ದುಬಂದು, ಚಕ್ರ ನಿಂತಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

ಅಷ್ಟರಲ್ಲಿ ಎಂಜಿನಿಯರ್ ಬಂದರು. “ಬೀಗ ತಂದಿದೀರಲ್ಲ ಮೇಡಂ, ಹಾಕಿಬಿಡಿ ಮತ್ತೆ.”

“ಹಾಕಲ್ಲ ಸಾರ್,” ಅಂದಳು.