ಎಡಗೈ ತುತ್ತು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಎಡಚ ಎನ್ನುತ್ತಿದ್ದರು. ಹುಟ್ಟಿನಿಂದ ಅವನು ಬಲಗೈಯವನೇ. ರಟ್ಟು ಕತ್ತರಿಸುವ ಪ್ರೆಸ್ಸು ಒಂದು ಮಧ್ಯಾಹ್ನ ಆ ಕೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡ ಮೇಲೆ ಬಂದ ಹೆಸರು ಅದು. ಯಂತ್ರದ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿಯೊಂದು ಇರಬೇಕಿತ್ತು. ಕೆಲಸ ನಿಧಾನವಾಗುತ್ತದೆಂದು ಮೇಸ್ತ್ರಿ ಅದನ್ನು ಬಿಚ್ಚಿಹಾಕಿದ್ದ. ವಿಚಾರಣೆಯ ದಿನ ಮಾತ್ರ ಅವನು, “ಇವನೇ ಬಿಚ್ಕೊಂಡಿದ್ದು” ಎಂದುಬಿಟ್ಟ. ಮಾಲೀಕರು ಮೇಸ್ತ್ರಿಯನ್ನು ನಂಬಿದರು. ಎಡಚ ಗೇಟು ಕಾಯಲು ಬಂದು ಕೂತ.

ಕೆಲವು ವರ್ಷಗಳ ನಂತರ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು, ಮಾತು ತೊದಲಿತು. ಕ್ಯಾಂಟೀನಿನಲ್ಲಿ ಅಂದು ಹಬ್ಬದ ಗಲಾಟೆ. “ಬಲಗೈಗೆ ಬಲಗೈ. ಮಾಡಿದ್ದುಣ್ಣೋ ಮಹಾರಾಯ” ಎಂದು ಒಬ್ಬ ಎಡಚನ ಬೆನ್ನು ತಟ್ಟಿದ. ಎಡಚ ಎರಡು ಚಹಾ ಕುಡಿದ.

ಕೈ ಹೋದಾಗಿನಿಂದ ಅವನಿಗೆ ಇಲ್ಲದ ಬೆರಳುಗಳು ನೋಯುತ್ತಿದ್ದವು. ಆ ನೋವಿಗೆ ಔಷಧ ಹುಡುಕುತ್ತಲೇ ಅವನು ಪಕ್ಕದ ಬೀದಿಯ ಬೌದ್ಧ ವಿಹಾರಕ್ಕೆ ಹೋಗಿ, ಉಸಿರು ನೋಡುತ್ತ ಕೂರುವುದನ್ನು ಕಲಿತು, ನೋವನ್ನು ತಕ್ಕಮಟ್ಟಿಗೆ ತಗ್ಗಿಸಿಕೊಂಡಿದ್ದ. ಆ ಸಂಜೆ ಅಲ್ಲಿನ ಮುದಿ ಭಿಕ್ಷುವಿಗೆ ಸುದ್ದಿ ಹೇಳಿದ.

“ಕರ್ಮ ಅವನ ಮನೆ ಹುಡುಕ್ಕೊಂಡು ಹೋಯ್ತು, ಭಂತೇ.”

“ಯಾರು ಹೇಳಿದ್ರು? ಪಿತ್ತ ಕೆರಳಿದ್ರೂ ಮನುಷ್ಯ ಹಾಸಿಗೆ ಹಿಡೀತಾನೆ, ಹವೆ ಬದಲಾದ್ರೂ ಹಿಡೀತಾನೆ. ಎಲ್ಲ ನೋವೂ ಹಿಂದಿನ ಕರ್ಮ ಅಲ್ಲ ಅಂತ ಬುದ್ಧನೇ ಹೇಳಿದಾನೆ.” ಭಿಕ್ಷು ಕೆಮ್ಮಿ, ಸುಧಾರಿಸಿಕೊಂಡು ಕೇಳಿದರು. “ನಿನಗೆ ಖುಷಿಯಾಯ್ತಾ?”

“ಸುಳ್ಳು ಯಾಕೆ ಹೇಳ್ಲಿ? ಆಯ್ತು.”

“ಅದು ನಿನ್ನ ಕರ್ಮ. ಅವನದನ್ನ ಬಿಡು, ಇದನ್ನ ನೋಡ್ಕೋ.”

ಮಾತು ಎಡಚನಿಗೆ ರುಚಿಸಲಿಲ್ಲ. ಆದರೂ ವಾರ ಕಳೆಯುವುದರೊಳಗೆ ಮೇಸ್ತ್ರಿಯ ಮನೆಗೆ ಹೋದ. ಕರುಣೆಯಿಂದಲ್ಲ, ಕಣ್ಣಾರೆ ನೋಡೋಣವೆಂದು. ಮೇಸ್ತ್ರಿಗೆ ಇದ್ದವಳು ಒಬ್ಬಳೇ ಮಗಳು, ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ. ಏಳಲು ಹೋಗಿ ಬೀಳುತ್ತಾನೆಂದು ಅಪ್ಪನನ್ನು ಒಳಗಿಟ್ಟು, ಹೊರಗೆ ಬೀಗ ಹಾಕಿ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ಸಿಕ್ಕವಳು ಎಡಚನ ಮೊಂಡಾದ ಬಲಗೈಯನ್ನು ನೋಡಿ ಅವನು ಯಾರೆಂದು ಅರಿತಳು. ಏನೂ ಕೇಳದೆ ಬೀಗದ ಕೈ ಅವನಿಗೆ ಕೊಟ್ಟು, ಬಸ್ಸಿಗೆ ಓಡಿದಳು.

ಕೋಣೆಯಲ್ಲಿ ಉಚ್ಚೆಯ ನಾತ. ಅವಸರದಲ್ಲಿ ಅವಳು ನೀರಿನ ಲೋಟವನ್ನು ಮಂಚದ ಬಲಬದಿಗೆ ಇಟ್ಟಿದ್ದಳು. ಮೇಸ್ತ್ರಿಯ ಎಡಗೈ ಎದೆಯ ಮೇಲಿಂದ ಅತ್ತ ಚಾಚುತ್ತಿತ್ತು, ಎಟುಕದೆ ಬೀಳುತ್ತಿತ್ತು. ಎಡಚ ನಿಂತು ನೋಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದ. ತಾನು ನೋಡುತ್ತಿರುವುದು ತನಗೇ ಗೊತ್ತಾದಾಗ ಮಂಚದ ಬಲಬದಿಗೆ ಹೋದ. ಲೋಟ ಎತ್ತಿ ಕುಡಿಸಿದ.

ಮರುದಿನದಿಂದ ಪಾಳಿ ಮುಗಿಸಿ ದಿನವೂ ಹೋದ. ಬಟ್ಟೆ ಬದಲಿಸಿದ, ಎಡಗೈಯಲ್ಲೇ ಚಮಚ ಹಿಡಿದು ಗಂಜಿ ಉಣಿಸಿದ. ಅರ್ಧ ಬಾಯಿಗೆ, ಅರ್ಧ ಗಡ್ಡಕ್ಕೆ. ಕೆಲವು ದಿನ ಮೇಸ್ತ್ರಿ ಅವನ ಮುಖಕ್ಕೇ ಉಗುಳುತ್ತಿದ್ದ.

ಹೆಂಡತಿಗೆ ವಿಷಯ ತಿಳಿದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. “ನಿಮ್ಮ ಕೈ ತಿಂದವನಿಗೆ ನೀವೇ ಕೈತುತ್ತು ಹಾಕ್ತಿದೀರಾ?”

“ಹಸಿದಿರ್ತಾನೆ ಕಣೇ.”

“ನಾವೂ ಹಸಿದಿದ್ವಿ. ಯಾರು ಬಂದ್ರು?”

ನಿಜವೆಂದರೆ ಅವನಿಗೊಂದು ಆಸೆಯಿತ್ತು. ಎಂದಾದರೂ ಒಂದು ದಿನ ಮೇಸ್ತ್ರಿ ತೊದಲಿಯಾದರೂ ‘ತಪ್ಪಾಯ್ತು’ ಅನ್ನುತ್ತಾನೆಂಬ ಆಸೆ. ಪ್ರತಿ ಚಮಚದ ಹಿಂದೆಯೂ ಅದು ಕೈಚಾಚಿ ನಿಂತಿರುತ್ತಿತ್ತು.

ಒಂದು ಸಂಜೆ ಮೇಸ್ತ್ರಿ ಬಾಯಿ ತೆರೆದ. ಮಾತು ಹೊರಬೀಳಲು ಬಹಳ ಹೊತ್ತು ಹಿಡಿಯಿತು. ಎಡಚ ಚಮಚ ಕೆಳಗಿಟ್ಟು ಕಿವಿಯನ್ನು ಹತ್ತಿರ ಒಯ್ದ.

“ನೀ... ನೀನೇ... ಬಿಚ್ಚಿದ್ದು.”

ಎಡಚ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದ. ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಂದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ವಿಹಾರಕ್ಕೂ ಹೋಗಲಿಲ್ಲ. ಇಲ್ಲದ ಬೆರಳುಗಳು ಮತ್ತೆ ಉರಿಯತೊಡಗಿದವು.

ಸ್ವಲ್ಪ ದಿನಕ್ಕೆ ಕಾಲುಗಳು ತಾವಾಗಿಯೇ ಆ ಮೆಟ್ಟಿಲು ಹತ್ತಿದವು. ಪಕ್ಕದ ಮನೆಯವರಿಂದ ಕೀಲಿ ಪಡೆದು ಒಳಹೊಕ್ಕರೆ, ಮೇಸ್ತ್ರಿಯ ಎಡಗೈಯನ್ನು ಹಳೆಯ ದುಪಟ್ಟಾದಿಂದ ಮಂಚಕ್ಕೆ ಕಟ್ಟಲಾಗಿತ್ತು. ಎದ್ದು ಬಿದ್ದು ಹಣೆ ಒಡೆದುಕೊಂಡನಂತೆ, ಮಗಳು ಬೇರೆ ದಾರಿ ಕಾಣದೆ ಕಟ್ಟಿದ್ದಳು. ಮಣಿಕಟ್ಟಿನ ಸುತ್ತ ಚರ್ಮ ಸುಲಿದಿತ್ತು. ಎಡಚ ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದ. ಮೇಸ್ತ್ರಿ ಅವನನ್ನು ದ್ವೇಷದಿಂದಲೇ ದಿಟ್ಟಿಸುತ್ತಿದ್ದ. ಆ ದಿನ ಎಡಚನಿಗೆ ಅವನಿಂದ ಏನೂ ಬೇಕೆನಿಸಲಿಲ್ಲ. ಗಾಯ ತೊಳೆದು ಎಣ್ಣೆ ಹಚ್ಚಿದ, ಉಣಿಸಿದ, ಬಾಯಿ ಒರೆಸಿದ. ಹಾಗೇ ನಡೆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ಸತ್ತ. ಗಂಜಿ ಉಸಿರುನಾಳಕ್ಕೆ ಹೋಗಿ, ಎಡಚನ ತೋಳಿನಲ್ಲೇ ಒದ್ದಾಡಿ ಸತ್ತ. ಇದ್ದ ಒಂದೇ ಕೈಯಲ್ಲಿ ಬೆನ್ನು ಗುದ್ದಿದ್ದು ಸಾಲಲಿಲ್ಲ. ಕಾರ್ಖಾನೆಯಲ್ಲಿ ಯಾರೋ “ಕೊನೆಗೂ ಸೇಡು ತೀರಿಸ್ಕೊಂಡೆ ಬಿಡು” ಎಂದು ನಕ್ಕರು. ಅದು ತಮಾಷೆಯೋ ಅಲ್ಲವೋ ಎಡಚನಿಗೆ ಗೊತ್ತಾಗಲಿಲ್ಲ.

ಸುಟ್ಟು ಬಂದ ಮೇಲೆ ಮಗಳು ಕೇಳಿದಳು. “ಅಣ್ಣಾ, ಜಾಲರಿ ಬಿಚ್ಚಿದ್ದು ಯಾರು?”

“ನಿಮ್ಮಪ್ಪ ಕಣಮ್ಮ. ಕೆಲಸ ಬೇಗ ಆಗುತ್ತೆ ಅಂತ ನಾನೂ ಬೇಡ ಅನ್ಲಿಲ್ಲ.”

“ನಂಗೆ ಗೊತ್ತಿತ್ತು. ಅವತ್ತೇ ಮನೇಲಿ ಹೇಳಿ ಅತ್ತಿದ್ರು. ನಾನೇ ಬಾಯಿ ಬಿಡಬೇಡಿ ಅಂದೆ. ಕೆಲಸ ಹೋದ್ರೆ ಗತಿ ಏನು ಅಂತ.”

ಎಷ್ಟೋ ವರ್ಷ ಕಾದಿದ್ದ ಮಾತು ಅದು. ಕೇಳಿ ಅವನಿಗೆ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಬರೀ ಸುಸ್ತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಅನ್ನಕ್ಕಿಟ್ಟ ಒಲೆಯ ಉರಿ ತಗ್ಗಿಸಿ ಕೇಳಿದಳು.

“ಈಗ ಒಬ್ಳೇ ಇದಾಳಾ ಆ ಕೋಣೇಲಿ?”

“ಹೂಂ.”

“ಕರ್ಕೊಂಡು ಬನ್ನಿ. ನಾನಂತೂ ಮಾತಾಡ್ಸಲ್ಲ. ಉಂಡು ಹೋಗ್ಲಿ.”

ಮೇಸ್ತ್ರಿಯ ಮಗಳು ಬಂದಳು, ತಲೆ ಎತ್ತದೆ ಉಂಡಳು. ಹೆಂಡತಿ ಹೇಳಿದಂತೆಯೇ ಒಂದು ಮಾತೂ ಆಡಲಿಲ್ಲ. ತಟ್ಟೆ ಬರಿದಾದಾಗ, ಕೇಳದೆಯೇ ಎರಡನೇ ಸಲ ಅನ್ನ ಬಡಿಸಿದಳು.