ಗೋಡೆಯ ಮೇಲಿನ ಕಾಲು

ಸಮೋವಾ ದ್ವೀಪದ ಒಂದು ಊರಿನ ಆಸ್ಪತ್ರೆಯ ಗೋಡೆಗೆ ನರ್ಸ್ ಪೆನಿನಾ ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲೊಂದರ ದೊಡ್ಡ ಚಿತ್ರ ಅಂಟಿಸಿದ್ದಳು. ಹೆದರಿಯಾದರೂ ಜನ ತಮ್ಮ ಕಾಲು ತೋರಿಸಲು ಬೇಗ ಬರಲಿ ಎಂಬುದು ಅವಳ ಆಸೆ. ಬಂದವರೆಲ್ಲ ಬೆಂಚನ್ನೇ ತಿರುಗಿಸಿ, ಚಿತ್ರಕ್ಕೆ ಬೆನ್ನು ಹಾಕಿ ಕೂತರು. ಮರುದಿನ ನೋಡಿದರೆ ಅದರ ಮೇಲೆ ಕೆಂಪು ದಾಸವಾಳದ ಅಚ್ಚಿನ ಬಟ್ಟೆ ಇಳಿಬಿದ್ದಿತ್ತು. ಪೆನಿನಾ ಕಿತ್ತೆಸೆದಳು. ಮತ್ತೆ ಹಾಕಿದರು. ಮೂರನೆಯ ಸಲ ಅವಳ ಪಿತ್ತ ನೆತ್ತಿಗೇರಿತು.

"ಯಾರ್ರೀ ಇದನ್ನ ಮುಚ್ಚಿದ್ದು?"

"ನಾನೇ ಕಣೇ," ಎಂದರು ಊರಿನ ಮಹಿಳಾ ಸಮಿತಿಯ ಹಿರಿಯೆ ಟಾಲೈ, ಬೆಂಚಿನಿಂದ ಏಳದೆ. "ಪಾಪ, ಯಾರ ಕಾಲೋ ಏನೋ. ಬಂದೋರ ಮುಂದೆ ಹಂಗೆ ಬತ್ತಲೆ ಬಿಡೋದು ಮರ್ಯಾದೆನಾ?"

"ಅಜ್ಜಿ, ನೋಡ್ಲಿ ಅಂತಾನೇ ಅಲ್ವಾ ಅಂಟ್ಸಿರೋದು! ನೀವು ಒಂದ್ಸಲನಾದ್ರೂ ಸರಿಯಾಗಿ ನೋಡಿದೀರಾ?"

"ಥೂ, ಅದನ್ಯಾರು ನೋಡ್ತಾರೆ! ಕಣ್ಮುಚ್ಕೊಂಡೇ ಬಟ್ಟೆ ಹೊದಿಸ್ದೆ."

ಪೆನಿನಾಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಹೋಗ್ಲಿ, ಇವತ್ಯಾಕೆ ಬಂದ್ರಿ?"

"ಏನಿಲ್ಲ, ನನ್ ಕಾಲು ನಾರತ್ತೆ ಅಂತ ಮೊಮ್ಮಗಳು ಮೂಗು ಮುಚ್ಕೋತಾಳೆ." ಟಾಲೈ ಪಾದವನ್ನು ಮುಂದೆ ಚಾಚಿ, ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡರು.

ಪಾದಕ್ಕೆ ಸುತ್ತಿದ್ದದ್ದು ಅದೇ ಕೆಂಪು ದಾಸವಾಳದ ಬಟ್ಟೆ.